ದೂರದ ಮೋಟಾರು ಸೈಕಲ್ ಸವಾರಿ: ದೇಹದ ನೆಮ್ಮದಿಯೂ ಸಂಸ್ಥೆಯ ಹೊಣೆಯೂ

ಮಾರಾಟ ಪ್ರತಿನಿಧಿಗಳನ್ನಾಗಲಿ, ವಸೂಲಿ ಸಿಬ್ಬಂದಿಯನ್ನಾಗಲಿ, ಯಂತ್ರ ದುರಸ್ತಿಯ ತಂತ್ರಜ್ಞರನ್ನಾಗಲಿ ಮೋಟಾರು ಸೈಕಲ್ಲಿನ ಮೇಲೆ ಊರಿಂದೂರಿಗೆ ಕಳುಹಿಸದ ವ್ಯಾಪಾರ ಸಂಸ್ಥೆ ನಮ್ಮ ನಡುವೆ ವಿರಳವೆಂದೇ ಹೇಳಬೇಕು. ಬಸ್ಸು ತಲುಪದ ಹಳ್ಳಿಯ ಅಂಗಡಿಯನ್ನು ಮೋಟಾರು ಸೈಕಲ್ ತಲುಪುತ್ತದೆ. ಕಾರಿನ ವೆಚ್ಚದ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಕೇಂದ್ರಗಳಲ್ಲಿ ದ್ವಿಚಕ್ರ ವಾಹನಗಳಿಗೆ ಶುಲ್ಕವೂ ಇಲ್ಲ. ಇಷ್ಟೆಲ್ಲ ಅನುಕೂಲಗಳ ನಡುವೆ ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವ ಒಂದು ಬಾಬತ್ತು ಇದೆ. ಅದು ಸವಾರನ ದೇಹ.

ಈ ವಿಷಯದ ಬಗ್ಗೆ ಲೆಕ್ಕಪರಿಶೋಧಕನೊಬ್ಬನು ಬರೆಯಲು ಹೊರಟಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನಾನು ಲೆಕ್ಕ ಪರಿಶೋಧಿಸುತ್ತಿದ್ದ ಸಗಟು ವ್ಯಾಪಾರ ಸಂಸ್ಥೆಯೊಂದರ ಪ್ರವಾಸ ಭತ್ಯೆಯ ಚೀಟಿಗಳು ಪ್ರತಿ ತ್ರೈಮಾಸಿಕದಲ್ಲೂ ನನ್ನ ಕೈಸೇರುತ್ತಿದ್ದವು. ಒಬ್ಬ ಪ್ರತಿನಿಧಿಯ ಚೀಟಿಗಳಲ್ಲಿ ಒಂದೇ ದಿನಕ್ಕೆ 380 ಕಿ.ಮೀ., ಮರುದಿನ 340 ಕಿ.ಮೀ. ಎಂದು ನಮೂದಾಗಿರುತ್ತಿತ್ತು. ಪೆಟ್ರೋಲ್ ಬಂಕಿನ ರಸೀತಿಗಳಲ್ಲಿ ರಾತ್ರಿ ಹನ್ನೊಂದು ಗಂಟೆಯ ಸಮಯ ಮುದ್ರಿತವಾಗಿರುತ್ತಿತ್ತು. ನಾನು ಕಿಲೋಮೀಟರನ್ನು ದರದಿಂದ ಗುಣಿಸಿ, ಮೊತ್ತ ತಾಳೆಯಾಯಿತೆಂದು ಹಸಿರು ಮಸಿಯಲ್ಲಿ ಗುರುತು ಹಾಕಿ ಮುಂದಿನ ಚೀಟಿಗೆ ಹೋಗುತ್ತಿದ್ದೆ. ಒಂದು ರಾತ್ರಿ ಆ ಪ್ರತಿನಿಧಿ ಊರು ತಲುಪಲು 20 ಕಿ.ಮೀ. ಉಳಿದಿರುವಾಗ ವಾಹನದ ಮೇಲೆಯೇ ತೂಕಡಿಸಿ, ರಸ್ತೆ ಬದಿಯ ಮೋರಿಯ ಕಟ್ಟೆಗೆ ಬಡಿದು ಬಿದ್ದರು. ಜೀವ ಉಳಿಯಿತು. ತೊಡೆಯ ಮೂಳೆ ಮುರಿದು ಆರು ತಿಂಗಳು ಹಾಸಿಗೆ ಹಿಡಿದರು.

ನೋಡಲು ಹೋದ ನನಗೆ ಅವರು ಹೇಳಿದ ಮಾತು ಇಂದಿಗೂ ನೆನಪಿದೆ. "ನಿದ್ದೆ ಬಂದಿದ್ದೇ ಗೊತ್ತಾಗ್ಲಿಲ್ಲ ಸಾರ್. ಕೈ ಜೋಮು ಹಿಡಿದಿತ್ತು, ಸೊಂಟ ಸಿಡೀತಿತ್ತು. ಒಂದ್ಸಲ ಮನೆ ಸೇರಿಬಿಟ್ರೆ ಸಾಕು ಅಂತ ಎಲ್ಲೂ ನಿಲ್ಲಿಸದೆ ಬಂದುಬಿಟ್ಟೆ."

ಪ್ರಸ್ತುತ ಲೇಖನದ ಸಾರವೆಲ್ಲ ಈ ಮಾತಿನಲ್ಲಿ ಅಡಗಿದೆ. ದೇಹದ ನೋವು ಸವಾರನನ್ನು ನಿಲ್ಲಿಸುವುದಿಲ್ಲ. ಬದಲಿಗೆ ಬೇಗನೆ ಮುಗಿಸುವ ಆತುರವನ್ನು ಹುಟ್ಟಿಸುತ್ತದೆ. ಆತುರವು ವಿಶ್ರಾಂತಿಯನ್ನು ತಪ್ಪಿಸುತ್ತದೆ, ವಿಶ್ರಾಂತಿಯಿಲ್ಲದೆ ಎಚ್ಚರ ಕುಂದುತ್ತದೆ. ಆದ್ದರಿಂದ ಸವಾರನ ನೆಮ್ಮದಿಯನ್ನು ಸುಖಲೋಲುಪತೆ ಎಂದು ಭಾವಿಸದೆ ಸುರಕ್ಷತೆಯ ಮೊದಲ ಮೆಟ್ಟಿಲೆಂದು ಪರಿಗಣಿಸುವುದು ಯುಕ್ತ.

ಆಸನ ಮತ್ತು ಭಂಗಿ

ಕುಳಿತಾಗ ದೇಹದ ಭಾರದ ಬಹುಪಾಲು ಪೃಷ್ಠದೊಳಗಿನ ಎರಡು ಚಿಕ್ಕ ಮೂಳೆಗಳ ಮೇಲೆ ಬೀಳುತ್ತದೆ. ಅವುಗಳ ಅಡಿಯ ಮಾಂಸಖಂಡ ಒತ್ತಿಹೋಗಿ ರಕ್ತಸಂಚಾರ ಕುಂಠಿತವಾದಾಗ ಉರಿ, ನೋವು, ಬಳಿಕ ಜೋಮು ಕಾಣಿಸಿಕೊಳ್ಳುತ್ತವೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ತಿಳಿವಳಿಕೆಯೆಂದರೆ ಮೆತ್ತನೆಯ ಸೀಟು ಸುಖಕರವೆಂಬುದು. ಅಂಗಡಿಯಲ್ಲಿ ಎರಡು ನಿಮಿಷ ಕುಳಿತು ನೋಡಿದಾಗ ಹಾಯೆನಿಸುವ ಮೆತ್ತನೆಯ ಫೋಮ್ ಒಂದು ಗಂಟೆಯ ಸವಾರಿಯಲ್ಲಿ ಪೂರ್ತಿ ಕುಸಿದು, ಆ ಎರಡು ಮೂಳೆಗಳು ಕೆಳಗಿನ ಗಟ್ಟಿ ತಳವನ್ನೇ ತಾಗುತ್ತವೆ. ತುಸು ಬಿಗಿಯಾದ, ಹಿಂಭಾಗದಲ್ಲಿ ಅಗಲವಾದ ಆಸನ ಭಾರವನ್ನು ಹರಡುತ್ತದೆ. ಸೀಟು ಹೊಲಿಯುವ ಕುಶಲಕರ್ಮಿಗಳು ನಮ್ಮ ಎಲ್ಲ ಪಟ್ಟಣಗಳಲ್ಲಿಯೂ ಇದ್ದಾರೆ. ಹಳೆಯ ಫೋಮನ್ನು ತೆಗೆದು ಸಾಂದ್ರವಾದ ಫೋಮ್ ಹಾಕಿಸುವುದು ಅರ್ಧ ದಿನದ ಕೆಲಸ. ಗಾಳಿಯಾಡುವ ಜಾಲರಿಯ ಹೊದಿಕೆಯಿಂದಲೂ, ಟ್ಯಾಕ್ಸಿ ಚಾಲಕರು ಬಳಸುವಂತಹ ಮರದ ಮಣಿಗಳ ಹೊದಿಕೆಯಿಂದಲೂ ಬೆವರು ನಿಲ್ಲುವುದು ತಪ್ಪುತ್ತದೆ.

ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕಾದುದು ಪ್ಯಾಂಟಿನ ಹಿಂಜೇಬಿನ ದಪ್ಪ ಪರ್ಸು. ಅದರ ಮೇಲೆ ಕುಳಿತಾಗ ಸೊಂಟದ ಒಂದು ಬದಿ ಎತ್ತರವಾಗಿ, ಬೆನ್ನುಹುರಿ ಓರೆಯಾಗಿ, ಕಾಲಿಗೆ ಇಳಿಯುವ ನರದ ಮೇಲೆ ಒತ್ತಡ ಬೀಳುತ್ತದೆ. ದೀರ್ಘ ಪ್ರಯಾಣದಲ್ಲಿ ಪರ್ಸಿನ ಸ್ಥಳ ಜಾಕೀಟಿನ ಒಳಜೇಬು.

ಕೈಗಳ ವಿಚಾರಕ್ಕೆ ಬಂದರೆ, ಮೊಣಕೈ ಸ್ವಲ್ಪ ಬಾಗಿರಬೇಕು, ಮಣಿಕಟ್ಟು ನೇರವಾಗಿರಬೇಕು. ಆಸನದಲ್ಲಿ ಕುಳಿತು ಬೆರಳುಗಳನ್ನು ಚಾಚಿದಾಗ ಮುಂಗೈ, ಬೆರಳು ಮತ್ತು ಬ್ರೇಕ್ ಹಾಗೂ ಕ್ಲಚ್ ಲಿವರ್‌ಗಳು ಒಂದೇ ರೇಖೆಯಲ್ಲಿ ಬರುವಂತೆ ಅವುಗಳನ್ನು ತಿರುಗಿಸಿ ಬಿಗಿಗೊಳಿಸಿಕೊಳ್ಳಬೇಕು. ಮೆಕ್ಯಾನಿಕ್‌ಗೆ ಇದು ಸ್ಪ್ಯಾನರಿನಿಂದ ಹತ್ತು ನಿಮಿಷದ ಕೆಲಸ. ಆದರೂ ಷೋರೂಮಿನಿಂದ ಬಂದ ಕೋನದಲ್ಲಿಯೇ ಹತ್ತು ವರ್ಷ ಓಡಿಸುವವರು ಬಹಳ. ಹ್ಯಾಂಡಲನ್ನು ಬಲವಾಗಿ ಹಿಚುಕಿ ಹಿಡಿಯಬಾರದು. ಮಂಡಿಗಳಿಂದ ಪೆಟ್ರೋಲ್ ಟ್ಯಾಂಕನ್ನು ಮೃದುವಾಗಿ ಒತ್ತಿ ಹಿಡಿದರೆ ಕೈಗಳ ಹೊರೆ ತಾನಾಗಿ ಇಳಿಯುತ್ತದೆ.

ಮಾದರಿ ಸರಕು ತುಂಬಿದ ಚೀಲವನ್ನು ಬೆನ್ನಿಗೆ ಹೇರಿಕೊಳ್ಳುವ ಅಭ್ಯಾಸವನ್ನು ಕೈಬಿಡುವುದು ಒಳ್ಳೆಯದು. ಬೆನ್ನಿನ ಐದು ಕಿಲೋ ಭಾರ ಭುಜಕ್ಕೂ ಹೊರೆ, ಆಸನದ ಮೂಳೆಗಳಿಗೂ ಹೊರೆ. ಆ ಭಾರ ವಾಹನದ ಪಕ್ಕದ ಚೀಲಗಳಲ್ಲಿ, ಆದಷ್ಟು ತಗ್ಗಿನಲ್ಲಿ, ಎರಡೂ ಬದಿ ಸಮನಾಗಿರಲಿ.

ಕಂಪನ ಮತ್ತು ವಾಹನದ ಸುಸ್ಥಿತಿ

1990ರ ದಶಕದ ಆರಂಭದಲ್ಲಿ, ನಾನು ಆರ್ಟಿಕಲ್ಡ್ ತರಬೇತಿಯಲ್ಲಿದ್ದಾಗ, ಹತ್ತಿ ಗಿರಣಿಗಳ ದಾಸ್ತಾನು ಪರಿಶೀಲನೆಗೆ ಕಚೇರಿಯ ಹಳೆಯ ಯೆಜ್ಡಿಯಲ್ಲಿ ಹೋಗುತ್ತಿದ್ದೆ. ಮೈಸೂರಿನಲ್ಲಿಯೇ ತಯಾರಾಗುತ್ತಿದ್ದ ಆ ವಾಹನ ಗಟ್ಟಿಮುಟ್ಟಾದುದು. ಆದರೆ ಎರಡು ಗಂಟೆ ಓಡಿಸಿ ಇಳಿದ ಮೇಲೆ ಮೊದಲ ಅರ್ಧ ಗಂಟೆ ನನ್ನ ಕೈಯಿಂದ ಅಂಕಿಗಳು ನೆಟ್ಟಗೆ ಬರುತ್ತಿರಲಿಲ್ಲ. ಹ್ಯಾಂಡಲಿನ ಕಂಪನದಿಂದ ಬೆರಳುಗಳು ಮರಗಟ್ಟಿರುತ್ತಿದ್ದವು. ಮರಗಟ್ಟಿದ ಬೆರಳು ಲೇಖನಿಯನ್ನು ಹಿಡಿಯಲಾರದೆಂದರೆ ಬ್ರೇಕನ್ನು ಎಷ್ಟರ ಮಟ್ಟಿಗೆ ಹಿಡಿದೀತು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ಇಂದಿನ ವಾಹನಗಳಲ್ಲಿ ಕಂಪನ ಕಡಿಮೆಯಾಗಿದ್ದರೂ ಪೂರ್ತಿ ಇಲ್ಲವಾಗಿಲ್ಲ. ಸಡಿಲಗೊಂಡ ಎಂಜಿನ್ ಬೋಲ್ಟು, ಸವೆದ ಹಿಡಿಯ ರಬ್ಬರು, ಒಣಗಿದ ಅಥವಾ ಜೋತುಬಿದ್ದ ಚೈನು ಇವು ಕಂಪನವನ್ನು ಹೆಚ್ಚಿಸುತ್ತವೆ. ಚೈನನ್ನು ಸುಮಾರು 500 ಕಿ.ಮೀ.ಗೊಮ್ಮೆ ಶುಚಿಗೊಳಿಸಿ ಎಣ್ಣೆ ಹಾಕುವುದು ಒಳ್ಳೆಯ ಪದ್ಧತಿ. ಟೈರಿನ ಗಾಳಿಯ ಒತ್ತಡವನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಹಿಂಬದಿಯ ಶಾಕ್ ಅಬ್ಸಾರ್ಬರ್‌ನಲ್ಲಿ ಬಿಗಿ ಹೆಚ್ಚು ಕಡಿಮೆ ಮಾಡುವ ಮೆಟ್ಟಿಲುಗಳಿರುತ್ತವೆ. ಒಬ್ಬರೇ ಹೋಗುವಾಗ ಒಂದು ಮಟ್ಟ, ಸರಕು ಅಥವಾ ಹಿಂಬದಿ ಸವಾರರಿರುವಾಗ ಮತ್ತೊಂದು ಮಟ್ಟ ಬೇಕು. ಬಹುಮಂದಿ ಸವಾರರು ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಗಾಳಿ, ಬಿಸಿಲು, ಮಳೆ

ರಾಯಚೂರು, ಕಲಬುರಗಿ ಕಡೆ ಏಪ್ರಿಲ್–ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿಯನ್ನು ಮೀರುತ್ತದೆ. ಗಾಳಿಯು ಚರ್ಮಕ್ಕಿಂತ ಬಿಸಿಯಾಗಿರುವಾಗ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಮೈಯೊಡ್ಡಿದರೆ ತಂಪಾಗದು. ಬಿಸಿಗಾಳಿ ದೇಹಕ್ಕೆ ಶಾಖವನ್ನು ಸೇರಿಸುತ್ತದೆ, ಬೆವರನ್ನು ಕ್ಷಣದಲ್ಲಿ ಆರಿಸಿಬಿಡುತ್ತದೆ. ಬೆವರು ಕಾಣದ್ದರಿಂದ ನೀರಿನ ನಷ್ಟ ಸವಾರನಿಗೆ ತಿಳಿಯುವುದೇ ಇಲ್ಲ. ಆದುದರಿಂದ ಬೇಸಿಗೆಯಲ್ಲಿ ತಿಳಿಬಣ್ಣದ, ತುಂಬುತೋಳಿನ ಸಡಿಲ ಹತ್ತಿಬಟ್ಟೆ, ಅದರ ಮೇಲೆ ಜಾಲರಿಯ ಜಾಕೀಟು, ಕೈಗವಸು ಇವು ಉಚಿತ. ಒಳಗಿನ ಅಂಗಿಯನ್ನು ಅಥವಾ ಕುತ್ತಿಗೆಯ ವಸ್ತ್ರವನ್ನು ನೀರಿನಲ್ಲಿ ಅದ್ದಿ ಹಿಂಡಿ ಧರಿಸಿದರೆ ಬಯಲುಸೀಮೆಯ ಒಣಹವೆಯಲ್ಲಿ ಗಂಟೆಯವರೆಗೆ ತಂಪು ದೊರೆಯುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು.

ಮಳೆಗಾಲದಲ್ಲಿ ಸಮಸ್ಯೆ ತದ್ವಿರುದ್ಧ. ಒದ್ದೆ ಬಟ್ಟೆಯ ಮೇಲೆ ಗಂಟೆಗೆ 60 ಕಿ.ಮೀ. ವೇಗದ ಗಾಳಿ ಬೀಸಿದರೆ ಮಲೆನಾಡಿನ ಸಾಧಾರಣ ಚಳಿಯೂ ಮೈ ನಡುಗಿಸುತ್ತದೆ. ಚಳಿಗೆ ಸೆಟೆದ ಬೆರಳುಗಳು ಬ್ರೇಕ್ ಹಿಡಿಯಲು ತಡಮಾಡುತ್ತವೆ. ಎರಡು ಭಾಗದ ರೇನ್‌ಕೋಟನ್ನು ಮಳೆ ಶುರುವಾಗುವ ಮುನ್ನವೇ ಧರಿಸಬೇಕು. ಮೈ ನೆನೆದ ಮೇಲೆ ಧರಿಸಿ ಪ್ರಯೋಜನವಿಲ್ಲ. ಅನಿರೀಕ್ಷಿತ ಚಳಿಗೆ ಹಳಬರ ಉಪಾಯವೊಂದಿದೆ: ಅಂಗಿಯೊಳಗೆ ಎದೆಯ ಮೇಲೆ ದಿನಪತ್ರಿಕೆಯ ನಾಲ್ಕಾರು ಹಾಳೆ ಹರಡಿಕೊಂಡರೆ ಗಾಳಿ ತಡೆಯುತ್ತದೆ.

ಹಿರಿಯೂರಿನಿಂದ ಚಿತ್ರದುರ್ಗದತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋದವರು ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿರುತ್ತಾರೆ. ಅಂತಹ ಯಂತ್ರಗಳನ್ನು ನೆಟ್ಟ ಸೀಮೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಅಡ್ಡಗಾಳಿ ಸವಾರನನ್ನೂ ಸತತವಾಗಿ ಒಂದು ಬದಿಗೆ ತಳ್ಳುತ್ತದೆ. ಅಲ್ಲಿ ಮೈ ಬಿಗಿಹಿಡಿದು ಗಾಳಿಯೊಡನೆ ಸೆಣಸಿದರೆ ಕುತ್ತಿಗೆ, ಭುಜ ಬೇಗ ಸೋಲುತ್ತವೆ. ವೇಗ ತಗ್ಗಿಸಿ, ತೋಳು ಸಡಿಲಬಿಟ್ಟು, ತುಸು ಮುಂದಕ್ಕೆ ಬಾಗಿ ಸಾಗುವುದೇ ದಾರಿ. ಲಾರಿಯನ್ನು ದಾಟುವಾಗ ಗಾಳಿ ಒಮ್ಮೆಲೇ ನಿಂತು, ದಾಟಿದೊಡನೆ ಮತ್ತೆ ಬಡಿಯುವುದನ್ನು ನಿರೀಕ್ಷಿಸಿರಬೇಕು.

ಹೆಲ್ಮೆಟ್ ಮತ್ತು ಸದ್ದು

2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿರುವ ಹೆಲ್ಮೆಟ್ಟೂ ತಲೆಯ ಅಳತೆಗೆ ಹೊಂದದಿದ್ದರೆ ದೂರದ ಪ್ರಯಾಣದಲ್ಲಿ ಪೀಡೆಯಾಗುತ್ತದೆ. ಖರೀದಿಸುವಾಗ ಅಂಗಡಿಯಲ್ಲಿಯೇ ಹದಿನೈದು ನಿಮಿಷ ಧರಿಸಿರಬೇಕು. ಹಣೆಯ ಮೇಲೆ ಒಂದೇ ಕಡೆ ಒತ್ತಿದ ಗುರುತು ಬಿದ್ದರೆ ಒಂದು ಗಂಟೆಯ ಸವಾರಿಯಲ್ಲಿ ಅದೇ ತಲೆನೋವಾಗುವುದು ಖಚಿತ. ನೋವು ತಾಳಲಾರದೆ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಸಾಗುವ ಎಷ್ಟೋ ಮಂದಿಯನ್ನು ನಾವು ನಿತ್ಯ ಕಾಣುತ್ತೇವೆ. ಗೀರು ಬಿದ್ದ ಗಾಜು ರಾತ್ರಿ ಎದುರಿನ ದೀಪವನ್ನು ಚದುರಿಸಿ ಕಣ್ಣನ್ನು ದಣಿಸುತ್ತದೆ. ಅದನ್ನು ಬದಲಾಯಿಸುವ ಖರ್ಚು ಅತ್ಯಲ್ಪ.

ಸದ್ದು ಕೂಡ ಆಯಾಸಕ್ಕೆ ಕಾರಣವೆಂಬುದು ನಮ್ಮಲ್ಲಿ ಹೆಚ್ಚು ಪ್ರಚಾರ ಪಡೆದಿಲ್ಲ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 90 ಡೆಸಿಬೆಲ್ ಸುಮಾರಿಗೆ ಏರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. ಎಂದರೆ 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ ಮಾತ್ರ. ಔಷಧಿ ಅಂಗಡಿಯಲ್ಲಿ ಸಿಗುವ ಮೃದುವಾದ ಕಿವಿಬಿರಡೆಗಳು ಗಾಳಿಯ ಭೋರ್ಗರೆತವನ್ನು ತಗ್ಗಿಸುತ್ತವೆ, ಹಾರನ್ ಸದ್ದು ಕೇಳಿಸುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಇವು ಉಪಯುಕ್ತ. ಪೇಟೆಯೊಳಗೆ ತೆಗೆದಿಡುವುದು ಲೇಸು.

ಆಹಾರ, ನೀರು, ನಿದ್ರೆ

ಬಾಯಾರಿಕೆ ಆಗುವ ಮುನ್ನವೇ ನೀರು ಕುಡಿಯಬೇಕು. ಪ್ರತಿ ನಿಲುಗಡೆಯಲ್ಲೂ ಒಂದು ಲೋಟ ಎಂಬ ನಿಯಮ ಸಾಕು. ಬೇಸಿಗೆಯಲ್ಲಿ ಉಪ್ಪು ಬೆರೆಸಿದ ಮಜ್ಜಿಗೆಗಿಂತ ಉತ್ತಮ ಪಾನೀಯ ಬೇರೆ ಬೇಕಿಲ್ಲ. ಮೂತ್ರವಿಸರ್ಜನೆಗೆ ಸ್ಥಳ ಸಿಗದೆಂಬ ಅಂಜಿಕೆಯಿಂದ, ಮುಖ್ಯವಾಗಿ ಮಹಿಳಾ ಪ್ರತಿನಿಧಿಗಳು, ನೀರು ಕುಡಿಯುವುದನ್ನೇ ತಪ್ಪಿಸುತ್ತಾರೆ. ಪೆಟ್ರೋಲ್ ಬಂಕುಗಳಲ್ಲಿ, ಟೋಲ್ ಕೇಂದ್ರಗಳಲ್ಲಿ ಶೌಚಾಲಯಗಳಿರುವುದರಿಂದ ಅಂತಹ ಸ್ಥಳಗಳನ್ನೇ ನಿಲುಗಡೆಗೆ ಆರಿಸಿಕೊಳ್ಳುವಂತೆ ಪ್ರವಾಸದ ಯೋಜನೆ ರೂಪಿಸಬೇಕು.

ಮಧ್ಯಾಹ್ನ ಅನ್ನ, ಸಾರು, ಹಪ್ಪಳ, ಮೊಸರಿನ ಪೂರ್ಣ ಊಟ ಮುಗಿಸಿ ಎರಡು ಗಂಟೆಯ ಬಿಸಿಲಿಗೆ ವಾಹನ ಏರುವುದು ಅಪಾಯಕರ. ಮಧ್ಯಾಹ್ನ 2ರಿಂದ 4ರವರೆಗೆ ಹಾಗೂ ಬೆಳಗಿನ ಜಾವ 2ರಿಂದ 6ರವರೆಗೆ ಎಚ್ಚರ ಕುಂದುವುದು ದೇಹದ ಸಹಜ ಲಯ. ಊಟದ ಭಾರ ಅದಕ್ಕೆ ಇಂಬು ಕೊಡುತ್ತದೆ. ಇಡ್ಲಿಯಂತಹ ಹಗುರ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸುವುದು ಮೇಲು. ನೆಗಡಿಯ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರಿಸುವುದರಿಂದ ಅವನ್ನು ನುಂಗಿದ ದಿನ ವಾಹನ ನಡೆಸಬಾರದು.

ನಿದ್ರೆಯ ವಿಷಯದಲ್ಲಿ ಒಂದು ಅಂಕಿಯನ್ನು ಪ್ರತಿಯೊಬ್ಬ ಮಾಲೀಕರೂ ತಿಳಿದಿರಬೇಕು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಾಗಿದ್ದವನ ಕಾರ್ಯಕ್ಷಮತೆಯು ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದ ಕಾನೂನು ಚಾಲಕರಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ 5ಕ್ಕೆ ಎದ್ದ ಪ್ರತಿನಿಧಿ ರಾತ್ರಿ 10ಕ್ಕೆ ಇನ್ನೂ ರಸ್ತೆಯಲ್ಲಿದ್ದರೆ ಲೆಕ್ಕ ಎಲ್ಲಿಗೆ ಬಂತೆಂಬುದನ್ನು ಓದುಗರೇ ಊಹಿಸಬಹುದು. ಕುಡಿದು ವಾಹನ ನಡೆಸೆಂದು ಯಾವ ಮಾಲೀಕರೂ ಹೇಳಲಾರರು. ಇದನ್ನು ಮಾತ್ರ ದಿನವೂ ಹೇಳುತ್ತಿದ್ದೇವೆ.

ತೂಕಡಿಕೆ ಬಂದಾಗ ಮುಖ ತೊಳೆಯುವುದು, ಹಾಡುವುದು ಇವು ಕ್ಷಣಿಕ ಉಪಾಯಗಳು. ನಿಜವಾದ ಔಷಧ ನಿದ್ರೆ ಮಾತ್ರ. ಕಾಫಿಯ ಪರಿಣಾಮ ತೋರಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ, ಕಾಫಿ ಕುಡಿದು ಕೂಡಲೇ ಸುರಕ್ಷಿತ ಸ್ಥಳದಲ್ಲಿ 15–20 ನಿಮಿಷ ಮಲಗಿ ಎದ್ದರೆ ಎರಡರ ಲಾಭವೂ ಒಟ್ಟಿಗೆ ಸಿಗುತ್ತದೆ. ಆದರೂ ಇದು ತಾತ್ಕಾಲಿಕ ಸಾಲವೇ ಹೊರತು ರಾತ್ರಿಯ ನಿದ್ರೆಯ ಬಾಕಿ ಹಾಗೆಯೇ ಉಳಿದಿರುತ್ತದೆ.

ವೇಗ ಮತ್ತು ವಿಶ್ರಾಂತಿಯ ಲೆಕ್ಕ

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಎಂದಿಟ್ಟುಕೊಳ್ಳೋಣ. ಏಕಪ್ರಕಾರ 80 ಕಿ.ಮೀ. ವೇಗದಲ್ಲಿ, ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟಾರು ಸೈಕಲ್‌ಗಳಿಗೆ 2018ರಲ್ಲಿ ನಿಗದಿಯಾದ ಗರಿಷ್ಠ ಮಿತಿಯಲ್ಲಿ, ಸಾಗಿದರೆ 3 ಗಂಟೆ 15 ನಿಮಿಷ ಬೇಕು. 60 ಕಿ.ಮೀ. ವೇಗದಲ್ಲಿ 4 ಗಂಟೆ 20 ನಿಮಿಷ. ಉಳಿತಾಯ 65 ನಿಮಿಷ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಲ್ಲಿ ಅದು 60ರಲ್ಲಿ ಇರುವುದಕ್ಕಿಂತ ಸುಮಾರು 1.8 ಪಟ್ಟು ಆಗುತ್ತದೆ. ಎದೆಗೆ ಬಡಿಯುವ ಗಾಳಿ, ಕಿವಿಯ ಸದ್ದು, ಪೆಟ್ರೋಲಿನ ಖರ್ಚು ಎಲ್ಲವೂ ಜೊತೆಗೆ ಏರುತ್ತವೆ. ಹೀಗೆ ದಣಿದು ಬಂದವನು ಬೆಂಗಳೂರಿನ ಗ್ರಾಹಕರ ಮುಂದೆ ಕುಳಿತು ದರದ ಮಾತುಕತೆಯನ್ನು ಎಷ್ಟು ಚೆನ್ನಾಗಿ ನಡೆಸಿಯಾನು?

ನನ್ನ ಅನುಭವದಲ್ಲಿ 65–70 ಕಿ.ಮೀ. ವೇಗದಲ್ಲಿ ಸಾಗುತ್ತ, ಒಂದೂಕಾಲು ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲುವ ಕ್ರಮ ಅತ್ಯಂತ ಅನುಕೂಲ. ನಿಂತಾಗ ವಾಹನದ ಮೇಲೆಯೇ ಕುಳಿತು ಮೊಬೈಲ್ ನೋಡುವುದು ವಿಶ್ರಾಂತಿಯಲ್ಲ. ಇಳಿದು ನಡೆಯಬೇಕು. ಕೈಗಳನ್ನು ಹಿಂದಕ್ಕೆ ಚಾಚಿ ಎದೆ ಹಿಗ್ಗಿಸಬೇಕು. ಸೊಂಟವನ್ನು ಎರಡೂ ಬದಿಗೆ ತಿರುಗಿಸಬೇಕು. ಮುಖ್ಯವಾಗಿ, ನೋವು ಶುರುವಾದ ಮೇಲೆ ನಿಲ್ಲುವುದಕ್ಕಿಂತ ಅದಕ್ಕೆ ಮೊದಲೇ ನಿಲ್ಲಬೇಕು. ಬೆಂಗಳೂರು–ಮೈಸೂರು ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಲಾಗಿದ್ದು ಸೇವಾ ರಸ್ತೆಯನ್ನೇ ಬಳಸಬೇಕಾಗಿದೆ. ಅಲ್ಲಿಗೆ ಸಮಯ ನಿಗದಿಪಡಿಸುವಾಗ ಕಾರಿನ ಲೆಕ್ಕ ಹಿಡಿಯಬಾರದು.

ಸಂಸ್ಥೆಯು ಮಾಡಬೇಕಾದುದು

ಮೇಲ್ಕಂಡ ಸಲಹೆಗಳೆಲ್ಲ ಸವಾರನಿಗೆ ಸಂಬಂಧಿಸಿದವು. ಆದರೆ ಎಷ್ಟು ಹೊತ್ತಿಗೆ ಹೊರಡಬೇಕು, ದಿನಕ್ಕೆ ಎಷ್ಟು ಊರು ಮುಗಿಸಬೇಕು, ರಾತ್ರಿ ತಂಗಲು ಹಣ ಸಿಗುವುದೇ ಎಂಬುದನ್ನು ನಿರ್ಧರಿಸುವುದು ಸಂಸ್ಥೆ. ಕಿಲೋಮೀಟರಿಗೆ ಇಷ್ಟೆಂದು ಭತ್ಯೆ ಕೊಟ್ಟು, ತಂಗುವಿಕೆಗೆ ಏನನ್ನೂ ಕೊಡದ ನಿಯಮವು ದಣಿದವನನ್ನು ರಾತ್ರಿಯ ರಸ್ತೆಗೆ ನೂಕುವ ನಿಯಮವೇ ಆಗಿದೆ. ಈ ನಿಟ್ಟಿನಲ್ಲಿ ಸದಸ್ಯರ ಪರಿಶೀಲನೆಗೆ ಕೆಲವು ಅಂಶಗಳನ್ನು ಮುಂದಿಡುತ್ತಿದ್ದೇನೆ.

1. ದಿನವೊಂದಕ್ಕೆ ಸವಾರಿಯ ಮಿತಿಯನ್ನು, ಉದಾಹರಣೆಗೆ 250 ಕಿ.ಮೀ. ಎಂದು, ಲಿಖಿತವಾಗಿ ನಿಗದಿಪಡಿಸುವುದು. ಮಿತಿ ಮೀರಿದರೆ ತಂಗುವ ವೆಚ್ಚವನ್ನು ಪ್ರಶ್ನೆಯಿಲ್ಲದೆ ಭರಿಸುವುದು. ರಾತ್ರಿ 8ರ ನಂತರದ ಸವಾರಿಗೆ ಭತ್ಯೆಯನ್ನು ನೀಡದಿರುವುದು.

2. ಹೆಲ್ಮೆಟ್, ಕೈಗವಸು, ರೇನ್‌ಕೋಟ್ ಮತ್ತು ಸೀಟು ದುರಸ್ತಿಗೆ ಒಂದು ಬಾರಿಯ ಅನುದಾನ ನೀಡುವುದು. ಇದಕ್ಕೆ ಒಟ್ಟು ರೂ. 5,500 ತಗಲುವುದೆಂದೂ ಮೂರು ವರ್ಷ ಬಾಳುವುದೆಂದೂ ಭಾವಿಸಿದರೆ ತಿಂಗಳಿಗೆ ಬೀಳುವ ವೆಚ್ಚ ಸುಮಾರು ರೂ. 153. ಆರು ತಿಂಗಳು ಹಾಸಿಗೆ ಹಿಡಿದ ಪ್ರತಿನಿಧಿಯ ಸೀಮೆಯಲ್ಲಿ ಕೈತಪ್ಪಿದ ವ್ಯಾಪಾರದೊಡನೆ ಇದನ್ನು ಹೋಲಿಸಿ ನೋಡಬೇಕು.

3. ವಿಮೆಯನ್ನು ಓದಿ ನೋಡುವುದು. ವಾಹನ ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಮಾಲೀಕ–ಚಾಲಕನ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅನ್ವಯಿಸುವುದಿಲ್ಲ, ಏಕೆಂದರೆ ಸಂಸ್ಥೆಗೆ ಚಾಲನಾ ಪರವಾನಗಿ ಇರಲಾರದು. ಅಂತಹ ಸಂದರ್ಭದಲ್ಲಿ ಸವಾರರ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಅವಶ್ಯ. ಅಲ್ಲದೆ ಖಾಸಗಿ ದ್ವಿಚಕ್ರ ವಾಹನದ ಸಾಮಾನ್ಯ ಪಾಲಿಸಿಯಲ್ಲಿ ಮಾದರಿ ಸರಕು ಮತ್ತು ಸ್ವಂತ ಸಾಮಾನನ್ನು ಬಿಟ್ಟು ಬೇರೆ ಸರಕು ಸಾಗಣೆಗೆ ರಕ್ಷಣೆ ಇರುವುದಿಲ್ಲ. ಪ್ರತಿನಿಧಿಯ ಕೈಯಲ್ಲೇ ಗ್ರಾಹಕರಿಗೆ ಸರಕನ್ನೂ ಕಳುಹಿಸುವ ಸಂಸ್ಥೆಗಳು ಇದನ್ನು ಅಗತ್ಯವಾಗಿ ಗಮನಿಸಬೇಕು.

4. ಪ್ರವಾಸದ ಚೀಟಿಯಲ್ಲಿ ಹೊರಟ ಸಮಯ ಮತ್ತು ತಲುಪಿದ ಸಮಯಕ್ಕೆ ಎರಡು ಕಾಲಂ ಸೇರಿಸುವುದು. ಇದಕ್ಕೆ ಖರ್ಚೇ ಇಲ್ಲ. ಹಣದ ಮೊತ್ತ ತೋರಿಸದ ಸಂಗತಿಯನ್ನು ಈ ಎರಡು ಕಾಲಂಗಳು ತೋರಿಸುತ್ತವೆ.

ಉದ್ಯೋಗದ ನಿಮಿತ್ತ ಸಂಭವಿಸುವ ಅಪಘಾತಕ್ಕೆ ಉದ್ಯೋಗದಾತನು ಹೊಣೆಯೆಂಬ ತತ್ವ ನಮ್ಮ ಕಾನೂನಿನಲ್ಲಿ 1923ರ ಕಾಯಿದೆಯಷ್ಟು ಹಳೆಯದು. ಕಾನೂನಿನ ಭಯಕ್ಕಿಂತಲೂ ಮಿಗಿಲಾಗಿ, ನಮ್ಮ ವಹಿವಾಟನ್ನು ಹೊತ್ತು ತಿರುಗುವವರು ಸಂಜೆ ಮನೆ ಸೇರಬೇಕೆಂಬ ಕಾಳಜಿ ನಮ್ಮಲ್ಲಿರಬೇಕು.

ಆ ಪ್ರತಿನಿಧಿ ಗುಣಮುಖರಾಗಿ, ಈಗ ಅದೇ ಊರಿನಲ್ಲಿ ಸ್ವಂತ ಅಂಗಡಿ ನಡೆಸುತ್ತಿದ್ದಾರೆ. ಅವರ ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ನಾನು ಇಂದಿಗೂ ಪ್ರವಾಸದ ಚೀಟಿಗಳನ್ನು ಪರಿಶೀಲಿಸುತ್ತೇನೆ. ಮೊತ್ತ ತಾಳೆಯಾದ ಮೇಲೆ ಪೆಟ್ರೋಲ್ ರಸೀತಿಯ ಮೇಲಿನ ಸಮಯವನ್ನೂ ನೋಡುತ್ತೇನೆ. ತಡರಾತ್ರಿಯ ರಸೀತಿ ಕಂಡರೆ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಾಲೀಕರ ಮುಂದಿಡುತ್ತೇನೆ. ಸದಸ್ಯ ಬಾಂಧವರು ತಮ್ಮ ತಮ್ಮ ಕಚೇರಿಗಳಲ್ಲಿ ಕಳೆದ ತಿಂಗಳ ಚೀಟಿಗಳನ್ನು ಒಮ್ಮೆ ಈ ದೃಷ್ಟಿಯಿಂದ ತಿರುವಿ ನೋಡಬೇಕೆಂದು ಕೋರುತ್ತೇನೆ.